ಹಸಿರು ತಂತಿ

ಬೆಸುಗೆ ಹಾಕುವ ಕಾದ ಕಡ್ಡಿಯ ತುದಿಯಲ್ಲಿ ರಾಳ ಕರಗಿ ಏಳುವ ಹೊಗೆಯ ವಾಸನೆಯನ್ನು ದೊಡ್ಡಮ್ಮ ಎಲ್ಲಿದ್ದರೂ ಗುರುತು ಹಿಡಿಯಬಲ್ಲರು. ಅವರ ಅಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದರು. ಶಾಲೆ ಬಿಟ್ಟು ಅಂಗಡಿಗೆ ಓಡಿದರೆ ಹೊಸ್ತಿಲಲ್ಲೇ ಆ ವಾಸನೆ ಎದುರಾಗುತ್ತಿತ್ತು. ಸ್ವಲ್ಪ ಸಿಹಿ, ಸ್ವಲ್ಪ ಕಟು, ಮರದ ಅಂಟಿಗೆ ಕಿಡಿ ತಾಗಿದ ಹಾಗೆ. ರಜೆಯ ದಿನವೂ ಅಪ್ಪನ ಅಂಗಿಯ ತೋಳಿನಲ್ಲಿ ಅದು ಉಳಿದಿರುತ್ತಿತ್ತು.

ಇವತ್ತು ಅದೇ ವಾಸನೆ ಬ್ಯಾಂಡಿನ ಅಭ್ಯಾಸದ ಕೋಣೆಯಲ್ಲಿ, ಹಿಂಬದಿಯ ಹಲಗೆ ಬಿಚ್ಚಿಟ್ಟ ಒಂದು ಹಳೆಯ ಆಂಪ್ಲಿಫೈಯರಿನ ಹೊಟ್ಟೆಯೊಳಗಿಂದ ಬಂತು.

ಹಳೆಯ ವಾಸನೆಯಲ್ಲ. ಹೊಸದು.

"ಮ್ಯಾನೇಜರ್ರೇ, ಈ ಪೆಟ್ಟಿಗೆ ಇತ್ತೀಚೆಗೆ ರಿಪೇರಿಗೆ ಹೋಗಿತ್ತಾ?" ನೆಲದ ಮೇಲೆ ಮಂಡಿಯೂರಿದ್ದ ದೊಡ್ಡಮ್ಮ ತಲೆ ಎತ್ತದೆಯೇ ಕೇಳಿದರು.

"ಎಲ್ಲಿಯ ರಿಪೇರಿ ಮೇಡಂ! ಅದನ್ನ ಒರೆಸೋಕೂ ಬಿಡಲ್ಲ ಇವ್ರು. ಅದರ ಶಬ್ದವೇ ಬ್ಯಾಂಡಿನ ಶಬ್ದವಂತೆ."

ನಿನ್ನೆ ಮಧ್ಯಾಹ್ನ ಇದೇ ಪೆಟ್ಟಿಗೆಗೆ ಗಿಟಾರ್ ಸಿಕ್ಕಿಸಿಕೊಂಡಿದ್ದ ಹುಡುಗಿ, ಹಾಡುವುದಕ್ಕೆಂದು ಮೈಕಿಗೆ ತುಟಿ ತಂದ ಕ್ಷಣವೇ ಕರೆಂಟು ಹೊಡೆದು ಬಿದ್ದಿದ್ದಳು. ಜೀವ ಉಳಿದಿತ್ತು. ಎಡಗೈಯ ಬೆರಳುಗಳು ಮಾತ್ರ ಇನ್ನೂ ಎಚ್ಚರಗೊಂಡಿರಲಿಲ್ಲ. ನಾಳೆ ಸಂಜೆ ಸ್ಟೇಡಿಯಮ್ಮಿನಲ್ಲಿ ಕಾರ್ಯಕ್ರಮ.

ದೊಡ್ಡಮ್ಮ ಟಾರ್ಚನ್ನು ಇನ್ನಷ್ಟು ಒಳಗೆ ಚಾಚಿದರು. ವಿಮಾ ಕಂಪನಿಯಲ್ಲಿ ತನಿಖೆಯ ಕೆಲಸದಲ್ಲಿದ್ದಷ್ಟು ಕಾಲ ಸುಟ್ಟ ಗೋದಾಮುಗಳ ಬೂದಿ ಕೆದಕಿದ ಕಣ್ಣು ಅದು. ನಿವೃತ್ತಿಯಾದ ಮೇಲೂ ತಂತಿ ಕಂಡರೆ ಅದರ ಕೊನೆ ಎಲ್ಲಿದೆ ಎಂದು ಹುಡುಕುತ್ತಿತ್ತು.

ಹಸಿರು ತಂತಿ ಸಿಕ್ಕಿತು. ಪೆಟ್ಟಿಗೆಯ ಲೋಹದ ಮೈಗೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ತಂತಿ ಅದು. ಅದು ಇಲ್ಲದಿದ್ದರೆ ಸೋರಿದ ಕರೆಂಟು ಗಿಟಾರಿನ ತಂತಿಗಳಲ್ಲಿ ಬಂದು ಕಾಯುತ್ತದೆ. ಗಿಟಾರು ಹಿಡಿದವರು ಮೈಕಿಗೆ ತುಟಿ ತಾಗಿಸಿದರೆ ಅವರ ಮೈಯನ್ನೇ ದಾರಿ ಮಾಡಿಕೊಳ್ಳುತ್ತದೆ.

ಹಸಿರು ತಂತಿ ತುಂಡಾಗಿತ್ತು.

ಅದರ ಪಕ್ಕದಲ್ಲೇ ಒಂದು ಹೊಳೆಯುವ ಬೆಸುಗೆಯೂ ಇತ್ತು. ಬೆಸುಗೆ ಹಾಕುವ ಮೊದಲು ಯಾರೋ ಆ ಜಾಗಕ್ಕೆ ಗಿಟಾರಿನ ಅತಿ ತೆಳ್ಳನೆಯ ತಂತಿಯನ್ನು ಒತ್ತೊತ್ತಾಗಿ ಸುತ್ತಿದ್ದರು, ಜಡೆಯ ತುದಿಗೆ ದಾರ ಸುತ್ತಿದ ಹಾಗೆ.

ಮ್ಯಾನೇಜರು ಬಗ್ಗಿ ನೋಡಿದವರೇ ಚಪ್ಪಾಳೆ ತಟ್ಟಿದರು. "ಮೀಸೆ! ನಮ್ಮ ಹಳೇ ಗಿಟಾರಿಸ್ಟು. ಹಿಂಗೆ ಸುತ್ತೋನು ಜಗತ್ತಲ್ಲಿ ಅವನೊಬ್ಬನೇ. ಮೈಕು, ಕುರ್ಚಿ, ಚಪ್ಪಲಿ, ಏನು ಕಿತ್ತೋದ್ರೂ ಗಿಟಾರ್ ತಂತಿ ಸುತ್ತೇ ರಿಪೇರಿ ಮಾಡೋದು. ಕೈಬರಹ ಬಿಟ್ಟು ಹೋದ ಹಾಗಾಯ್ತಲ್ಲ ಮೇಡಂ. ಪೊಲೀಸ್ರಿಗೆ ಹೇಳಿಬಿಡ್ತೀನಿ."

"ಒಂದು ನಿಮಿಷ ಇರಿ."

"ಇನ್ನೇನಿದೆ? ಆ ಹುಡುಗಿ ಬಿದ್ರೆ ನಾಳೆ ನುಡಿಸೋಕೆ ಯಾರು ಬೇಕು? ಹಾಡೆಲ್ಲ ಬಾಯಿಪಾಠ ಇರೋದು ಅವನಿಗೇ ತಾನೇ? ಅವನ ಜಾಗ ಅವನಿಗೆ ವಾಪಸ್ಸು!"

ದೊಡ್ಡಮ್ಮ ಮಂಡಿ ಹಿಡಿದುಕೊಂಡು ಮೆಲ್ಲಗೆ ಎದ್ದರು. "ಅವನು ಇಲ್ಲಿಗೆ ಬರಲಿ. ನಾನು ಮಾತಾಡ್ತೀನಿ."

"ಸರಿ. ನಾನು ಸ್ಟೇಡಿಯಮ್ಮಿಗೆ ಹೊರಟೆ, ಊಟದ ಹೊತ್ತಿಗೆ ಫೋನ್ ಮಾಡ್ತೀನಿ. ನೀವು ಬೇರೆ ಹೆಸರು ಹೇಳಿದ್ರೆ ಸರಿ. ಇಲ್ಲಾಂದ್ರೆ ಬಾಗಿಲಿನಿಂದ್ಲೇ ಅವನನ್ನ ಜೀಪು ಹತ್ತಿಸ್ತಾರೆ. ನೀವು ಸಿಡಿಲಿನ ದೊಡ್ಡಮ್ಮ ಅಂತ ಇಷ್ಟು ಬಿಟ್ಟಿದೀನಿ."

ಸಿಡಿಲು ಎಂದರೆ ಬ್ಯಾಂಡಿನ ಗಾಯಕ. ದೊಡ್ಡಮ್ಮನ ತಂಗಿಯ ಮಗ. ಅವನ ಗಂಟಲಿಗೆ ಅಭಿಮಾನಿಗಳು ಕೊಟ್ಟ ಹೆಸರು ಅದು. ಈ ತನಿಖೆಗೆ ದೊಡ್ಡಮ್ಮನೇ ಬರಬೇಕೆಂದು ಹಟ ಹಿಡಿದು ಕರೆಸಿದ್ದೂ ಅವನೇ.

*

ಕೋಣೆಯ ಮೂಲೆಯಲ್ಲಿ ಡ್ರಮ್ಮುಗಳ ಹಿಂದೆ ಗುಂಡ ಕುಳಿತಿದ್ದ. ರಬ್ಬರಿನ ತುಂಡೊಂದರ ಮೇಲೆ ಸದ್ದಾಗದಂತೆ ಕೋಲು ಬಡಿಯುತ್ತಿದ್ದ.

ಈ ಹುಡುಗರೆಲ್ಲ ಮೊದಲು ಬ್ಯಾಂಡು ಕಟ್ಟಿದ್ದು ದೊಡ್ಡಮ್ಮನ ಮನೆಯ ಹಿಂದಿನ ಶೆಡ್ಡಿನಲ್ಲಿ. ಸಿಡಿಲು, ಮೀಸೆ, ಗುಂಡ. ಕಾಲೇಜಿನಿಂದ ಬಂದವರು ಬಾಗಿಲು ಹಾಕಿಕೊಂಡು ಕಿಟಕಿ ಗಾಜು ನಡುಗುವ ಹಾಗೆ ಬಾರಿಸುತ್ತಿದ್ದರು. ಅಕ್ಕಪಕ್ಕದವರು ಜಗಳಕ್ಕೆ ಬಂದರೆ ದೊಡ್ಡಮ್ಮ ಟೀ ಕೊಟ್ಟು ಸಮಾಧಾನ ಮಾಡುತ್ತಿದ್ದರು. ಮೊದಲ ಆಲ್ಬಮ್ಮು ಮನೆಮನೆಗೆ ಹೋಯಿತು. ಎರಡನೆಯದು ಕಾರು ತಂದಿತು. ಆಮೇಲೆ ಕುಡಿತ, ಕಿತ್ತಾಟ, ಖಾಲಿ ಕುರ್ಚಿಗಳ ಮುಂದೆ ಹಾಡಿದ ವರ್ಷಗಳು. ಮೀಸೆ ಕಾರ್ಯಕ್ರಮ ತಪ್ಪಿಸತೊಡಗಿದಾಗ ಅವನ ಕೈಯಿಂದ ಕೋಣೆಯ ಕೀ ಕಿತ್ತುಕೊಂಡು ಕಳಿಸಿದ್ದರು.

ಅವನ ಜಾಗಕ್ಕೆ ಈ ಹುಡುಗಿ ಬಂದಳು. ಒಂದೇ ಒಂದು ವಿಡಿಯೋದಲ್ಲಿ ಅವಳ ಬೆರಳು ಓಡಿದ್ದನ್ನು ನೋಡಿ ಜನ ಮಿಂಚು ಎಂದು ಕರೆದರು. ಬ್ಯಾಂಡು ಮತ್ತೆ ಎದ್ದು ಕೂತಿತು.

"ಗುಂಡ, ನಿನಗೆ ಯಾರ ಮೇಲಾದರೂ ಹೊಟ್ಟೆಕಿಚ್ಚು ಇದೆಯೇನೋ?"

ಗುಂಡ ನಕ್ಕ. "ನನಗಾ? ದೊಡ್ಡಮ್ಮ, ನಾನು ಶುರುವಿನಿಂದ ಎಲ್ಲರ ಬೆನ್ನು ನೋಡ್ಕೊಂಡೇ ಬಂದೋನು. ಯಾರ ಅಂಗಿ ಎಲ್ಲಿ ಹರಿದಿದೆ ಅಂತ ಕೇಳಿ, ಹೇಳ್ತೀನಿ. ಮುಖ ನೋಡಿದ್ರೆ ತಾನೇ ಹೊಟ್ಟೆಕಿಚ್ಚು?"

"ಪೋಸ್ಟರಿನಲ್ಲಿ ನಿನ್ನ ಮುಖವೇ ಇಲ್ವಲ್ಲ."

"ಇದೆಯಲ್ಲ, ತಾಳದ ತಟ್ಟೆ ಹಿಂದೆ ಒಂದು ಕಿವಿ. ಅಮ್ಮ ಗುರುತು ಹಿಡಿದ್ಲು, ಸಾಕು ಬಿಡಿ."

ಗೋಡೆಗೆ ನಾಳೆಯ ಕಾರ್ಯಕ್ರಮದ ಪೋಸ್ಟರ್ ಅಂಟಿಸಿದ್ದರು. ಮುಂದೆ ಮಿಂಚು, ಕೂದಲು ಹಾರಿಸಿಕೊಂಡು. ಅವಳ ಹಿಂದೆ, ಅರ್ಧ ನೆರಳಿನಲ್ಲಿ ಸಿಡಿಲು.

ದೊಡ್ಡಮ್ಮ ಅದನ್ನೇ ನೋಡುತ್ತಿದ್ದುದನ್ನು ಕಂಡು ಗುಂಡ ದನಿ ತಗ್ಗಿಸಿದ. "ಈ ಪೋಸ್ಟರ್ ಬಂದ ದಿನ ನಾನೊಂದು ತಮಾಷೆ ಮಾಡಿದ್ದೆ. 'ಮೊದಲು ಮಿಂಚು, ಆಮೇಲೆ ತಾನೇ ಸಿಡಿಲು' ಅಂತ. ಎಲ್ಲರೂ ನಕ್ಕರು."

"ಎಲ್ಲರೂ?"

ಕೋಲು ಒಂದು ಪೆಟ್ಟು ತಪ್ಪಿತು. "ಬಹಳ ಮಂದಿ."

"ನಿನ್ನೆ ಅವಳು ಮೈಕಿಗೆ ಹೋಗಿದ್ದು ಯಾಕೆ? ಅವಳು ಹಾಡೋದಿಲ್ಲ ಅಂದುಕೊಂಡಿದ್ದೆ."

"ಹಾಡ್ತಾನೇ ಇರ್ಲಿಲ್ಲ. ಮೊದಲನೇ ಆಲ್ಬಮ್ಮಿನ ಆ ದೊಡ್ಡ ಹಾಡು ಇದೆಯಲ್ಲ, ಅದರ ಎರಡನೇ ಚರಣ ಅವಳು ಹಾಡ್ಲಿ ಅಂತ ಮ್ಯಾನೇಜರು ಹೋದ ವಾರ ಹೇಳಿದ್ರು. ಒಂದೇ ಮೈಕಲ್ಲಿ ಇಬ್ಬರೂ, ಜನ ಹುಚ್ಚಾಗ್ತಾರೆ ಅಂತ. ಅವಳು ಪಾಪ, 'ಸಿಡಿಲಣ್ಣ ಒಪ್ಪಿದ್ರೆ ಮಾತ್ರ' ಅಂದ್ಲು."

"ಅಣ್ಣ ಒಪ್ಪಿದ್ನಾ?"

"ಒಪ್ಪಿದ. ಆಮೇಲೆ ನೀರು ಕುಡಿಯೋಕೆ ಅಂತ ಹೊರಗೆ ಹೋದೋನು ಬಹಳ ಹೊತ್ತು ಬರ್ಲಿಲ್ಲ." ಗುಂಡ ಕೋಲುಗಳನ್ನು ಚೀಲಕ್ಕೆ ಹಾಕಿದ. ಹೊರಡುವ ಮೊದಲು, ಕೇಳದೆಯೇ, ಗೋಡೆಯ ಪಕ್ಕದ ದಿಂಬಿನ ಕುರ್ಚಿಯನ್ನು ಎಳೆದು ತಂದು ದೊಡ್ಡಮ್ಮನ ಬೆನ್ನ ಹಿಂದೆ ಇಟ್ಟು ಹೋದ.

*

ಮೀಸೆ ಬಂದಾಗ ಬಾಗಿಲಲ್ಲೇ ನಿಂತ. ಮೀಸೆ ಬೋಳಿಸಿ ಎಷ್ಟೋ ಕಾಲವಾಗಿತ್ತು, ಹೆಸರು ಮಾತ್ರ ಹೋಗಿರಲಿಲ್ಲ. ಕಾವಲಿನವನು ಅವನ ಹಿಂದೆ ಬಾಗಿಲು ಎಳೆದುಕೊಂಡ.

"ಚಪ್ಪಲಿ ಬಿಡ್ಬೇಕಾ ದೊಡ್ಡಮ್ಮ? ಈಗ ನಾನು ಹೊರಗಿನೋನು."

"ಬಾರೋ ಸಾಕು. ಕೂತ್ಕೋ."

ಅವನು ಕೂರಲಿಲ್ಲ. ಕಣ್ಣು ನೆಟ್ಟಗೆ ಆಂಪ್ಲಿಫೈಯರಿನ ಕಡೆ ಹೋಯಿತು. ಬಿಚ್ಚಿಟ್ಟ ಹಲಗೆ ಕಂಡು, ಮನೆಯವರನ್ನು ಆಸ್ಪತ್ರೆಯ ಮಂಚದ ಮೇಲೆ ಕಂಡವನ ಹಾಗೆ ಅವನ ಮುಖ ಇಳಿಯಿತು.

ದೊಡ್ಡಮ್ಮ ತಮ್ಮ ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟರು. "ಆ ತಂತಿ ಸುತ್ತಿದ್ದು ನೀನೇ ತಾನೇ?"

"ನಾನೇ."

"ಯಾವಾಗ?"

"ಮೊನ್ನೆ ಸಂಜೆ."

"ಅವಳ ಮೇಲೆ ಉರಿ ಇತ್ತಾ?"

ಮೀಸೆ ಈಗ ಕುಳಿತ. ಲೋಟವನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡ. "ಇತ್ತು ದೊಡ್ಡಮ್ಮ. ನಿಮ್ಮ ಹತ್ರ ಏನು ಮುಚ್ಚಿಡೋದು. ಅವಳ ವಿಡಿಯೋಗಳನ್ನ ಶಬ್ದ ಮುಚ್ಚಿ ನೋಡ್ತಿದ್ದೆ. ಬರೀ ಬೆರಳು. ಎಲ್ಲಾದ್ರೂ ಎಡವುತ್ತಾಳಾ ಅಂತ. ಒಂದು ತಪ್ಪು ಸಿಕ್ಕಿದ ದಿನ ಊಟ ರುಚಿಯಾಗಿರೋದು."

"ಸಿಕ್ತಾ?"

"ಬಹಳ ಸಿಕ್ಕಿಲ್ಲ. ಅದಕ್ಕೇ ಇಷ್ಟು ಸೊರಗಿದೀನಿ ನೋಡಿ."

ದೊಡ್ಡಮ್ಮನಿಗೆ ನಗು ಬಂತು. ಅವನಿಗೂ ಬಂತು. ಬಂದದ್ದು ಅಷ್ಟೇ ಬೇಗ ಹೋಯಿತು.

"ನಾಳೆ ನಿನಗೆ ನುಡಿಸೋಕೆ ಸಿಗಲಿ ಅಂತ ಈ ತಂತಿ ಕತ್ತರಿಸಿದೆ ಅಂತಾರೆ ಮ್ಯಾನೇಜರು."

"ಕತ್ತರಿಸಿದ್ದು ಹೌದು," ಎಂದ ಮೀಸೆ.

ದೊಡ್ಡಮ್ಮನ ಕೈ ಫ್ಲಾಸ್ಕಿನ ಮುಚ್ಚಳದ ಮೇಲೆ ನಿಂತಿತು.

"ಆದ್ರೆ ಈಗಲ್ಲ. ಬ್ಯಾಂಡು ಹೊಸದಾಗಿದ್ದಾಗ. ಈ ಪೆಟ್ಟಿಗೆ ಗುಂಯ್ ಅಂತ ಗೊಣಗ್ತಾನೇ ಇರೋದು. ಹಸಿರು ತಂತಿ ಕತ್ತರಿಸಿದ್ರೆ ಗೊಣಗಾಟ ನಿಲ್ಲುತ್ತೆ. ನಮ್ಮಲ್ಲಿ ಎಷ್ಟೋ ಜನ ಕದ್ದು ಮಾಡೋ ಕೆಲಸ. ತಪ್ಪು ಅಂತ ಗೊತ್ತು, ಆದ್ರೆ ಶಬ್ದ ಚೆನ್ನಾಗಿ ಬರುತ್ತಲ್ಲ. ತುದಿಗೆ ಟೇಪು ಸುತ್ತಿ ಸುಮ್ಮನಿದ್ದೆ. ನಾನು ಒಂದು ದಿನವೂ ಮೈಕಿನ ಹತ್ರ ಹೋದೋನಲ್ಲ. ಹಾಡೋನು ಗಿಟಾರ್ ಮುಟ್ಟೋನಲ್ಲ. ಏನೂ ಆಗ್ಲಿಲ್ಲ."

"ಆಮೇಲೆ?"

"ಆಮೇಲೆ ಇವಳು ಗಿಟಾರ್ ಹಿಡ್ಕೊಂಡೇ ಹಾಡ್ತಾಳೆ ಅಂತ ಮೊನ್ನೆ ಕೇಳಿದೆ. ಉರಿ ಬೇರೆ, ಕೊಲ್ಲೋದು ಬೇರೆ. ಬಂದು ತಂತಿ ಕೂಡಿಸಿ ಹೋದೆ. ಯಾರಿಗೂ ಹೇಳ್ಲಿಲ್ಲ. ಏನಂತ ಹೇಳ್ಲಿ? ಇಷ್ಟು ವರ್ಷ ನಿಮ್ಮನ್ನೆಲ್ಲ ಸಾವಿನ ಪೆಟ್ಟಿಗೆ ಮುಂದೆ ನಿಲ್ಲಿಸಿದ್ದೆ ಅಂತಾನಾ?"

ದೊಡ್ಡಮ್ಮ ಟಾರ್ಚು ಹಾಕಿ ಅವನನ್ನು ಪೆಟ್ಟಿಗೆಯ ಹತ್ತಿರ ಕರೆದರು. "ನಿನ್ನ ಬೆಸುಗೆ ಗಟ್ಟಿಯಾಗೇ ಇದೆ ನೋಡು. ತುಂಡಾಗಿರೋದು ಅದಕ್ಕಿಂತ ಒಂದು ಬೆರಳು ಆಚೆ. ಇಕ್ಕಳದಲ್ಲಿ ಒಂದೇ ಏಟಿಗೆ ಕಚ್ಚಿದಾರೆ. ತುದಿಗೆ ಟೇಪಿಲ್ಲ, ಏನಿಲ್ಲ. ನೀನು ಕತ್ತರಿಸಿದ್ರೂ ಹೀಗೆ ಬರಿ ತುದಿ ಬಿಟ್ಟು ಹೋಗ್ತಿರಲಿಲ್ಲ."

ಮೀಸೆ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಆ ಬರಿ ತುದಿಯನ್ನು ಮುಟ್ಟಲು ಹೋದ ಬೆರಳು ಹಾಗೇ ಹಿಂದಕ್ಕೆ ಬಂತು.

"ಹಾಗಾದ್ರೆ ನನ್ನ ಬೆಸುಗೆ ಬಿಟ್ಟಿದ್ದಲ್ಲ," ಎಂದ. "ನಿನ್ನೆಯಿಂದ ಅದೇ ದೊಡ್ಡಮ್ಮ. ಕೈ ನಡುಗಿ ಬೆಸುಗೆ ಸರಿಯಾಗಿ ಹಿಡಿದಿಲ್ಲವೇನೋ, ನನ್ನಿಂದಲೇ ಆ ಮಗುವಿಗೆ ಹೀಗಾಯ್ತೇನೋ ಅಂತ."

ಅವನು ತೋಳಿನಲ್ಲಿ ಕಣ್ಣು ಒರೆಸಿಕೊಂಡು ಪೆಟ್ಟಿಗೆಯ ಮುಂಬದಿಯ ತಿರುಗಿಸುವ ಗುಬ್ಬಿಗಳನ್ನು ತೋರಿಸಿದ. ಪ್ರತಿಯೊಂದರ ಪಕ್ಕದಲ್ಲೂ ಬಿಳಿ ಬಣ್ಣದ ಒಂದು ಚುಕ್ಕೆ. "ಇವು ನನ್ನ ಗುರುತು. ಎಲ್ಲಿಗೆ ತಿರುಗಿಸಿದ್ರೆ ಬ್ಯಾಂಡಿನ ಶಬ್ದ ಬರುತ್ತೆ ಅಂತ ಇಟ್ಟಿದ್ದು. ಅವಳು ಅಳಿಸಿ ತನ್ನದು ಇಟ್ಕೊಂಡಿರ್ತಾಳೆ ಅಂದ್ಕೊಂಡಿದ್ದೆ. ಮೊನ್ನೆ ನೋಡ್ತೀನಿ, ಎಲ್ಲವೂ ನನ್ನ ಚುಕ್ಕೆ ಮೇಲೇ ಕೂತಿವೆ. ಒಂದು ಕೂದಲಷ್ಟೂ ಆಚೀಚೆ ಇಲ್ಲ. ಧೂಳು ಒರೆಸಿದಾಳೆ, ಚುಕ್ಕೆ ಬಿಟ್ಟು ಒರೆಸಿದಾಳೆ."

ಹೊರಗೆ ಲಾರಿಯೊಂದಕ್ಕೆ ದೀಪದ ಕಂಬಗಳನ್ನು ಏರಿಸುತ್ತಿದ್ದ ಸದ್ದು ಕೇಳುತ್ತಿತ್ತು.

ದೊಡ್ಡಮ್ಮ ಕುರ್ಚಿಗೆ ಮರಳಿದರು. ಕೇಳಬೇಕಾದ ಪ್ರಶ್ನೆ ಒಂದೇ ಉಳಿದಿತ್ತು. ಅದನ್ನು ಅವರು ಸಾವಕಾಶವಾಗಿ, ಬಿಸಿ ಪಾತ್ರೆ ಕೆಳಗಿಡುವ ಹಾಗೆ ಇಟ್ಟರು.

"ನಿನ್ನ ಹತ್ರ ಕೀ ಇಲ್ಲ. ಈ ಕೋಣೆಯ ಕೀ ಇರೋದು ಮ್ಯಾನೇಜರ ಹತ್ರ, ಗುಂಡನ ಹತ್ರ, ನಮ್ಮವನ ಹತ್ರ. ಮೊನ್ನೆ ಸಂಜೆ ನಿನಗೆ ಬಾಗಿಲು ತೆಗೆದೋರು ಯಾರು?"

ಮೀಸೆ ಲೋಟದ ತಳ ನೋಡಿದ.

"ಹೇಳೋ."

"ಬೇಡ ದೊಡ್ಡಮ್ಮ."

"ಈಗ ಫೋನ್ ಬರುತ್ತೆ. ನೀನು ಬಾಯಿ ಬಿಡದಿದ್ರೆ ಜೀಪು ಹತ್ತೋನು ನೀನು. ನಿನ್ನ ಹೆಂಡ್ತಿ ಮಕ್ಕಳಿಗೆ ಏನು ಹೇಳ್ಲಿ ನಾನು?"

"ನೀವೇ ಎತ್ತಿ ಆಡಿಸಿದ ಮಗು," ಎಂದ ಮೀಸೆ, ತಲೆ ಎತ್ತದೆ. "ಅವನಿಗಲ್ದೆ ಇನ್ಯಾರಿಗೆ ಫೋನ್ ಮಾಡ್ಲಿ? ಸ್ಕೂಲಿಂದ ಜೊತೆಗಿದ್ದೋನು. ಬಂದು ಬಾಗಿಲು ತೆಗೆದ. ಟಾರ್ಚ್ ಹಿಡ್ಕೊಂಡ. ಕೆಲಸ ಮುಗಿಯೋವರೆಗೂ ಕೈ ಅಲುಗಿಸ್ಲಿಲ್ಲ."

ದೊಡ್ಡಮ್ಮ ಸೆರಗಿನ ಅಂಚನ್ನು ಮಡಿಸಿದರು. ಮತ್ತೆ ಬಿಡಿಸಿದರು.

ಸಿಡಿಲಿಗೆ ಇನ್ನೂ ಮಾತು ಸರಿಯಾಗಿ ಬಾರದ ಕಾಲದಲ್ಲಿ ಅವನ ಅಮ್ಮ ಕೆಲಸಕ್ಕೆ ಹೋಗುತ್ತಿದ್ದಳು, ಅವನು ಇವರ ಮಡಿಲಲ್ಲೇ ಇರುತ್ತಿದ್ದ. ಬೇರೆ ಯಾವ ಮಗು ಆ ಮಡಿಲಿಗೆ ಬಂದರೂ ಅದರ ಕೂದಲು ಹಿಡಿದು ಎಳೆಯುತ್ತಿದ್ದ. ಎಲ್ಲರೂ ಬೈಯುತ್ತಿದ್ದರು. ದೊಡ್ಡಮ್ಮ ಬೈಯುತ್ತಿರಲಿಲ್ಲ. ಸಂಜೆ ತಂಗಿ ಬಂದೊಡನೆ 'ಅಮ್ಮಾ' ಎಂದು ಓಡುತ್ತಿದ್ದ ಮಗು, ಹಗಲಿನಲ್ಲಾದರೂ ತಮ್ಮನ್ನು ಯಾರಿಗೂ ಬಿಟ್ಟುಕೊಡುವುದಿಲ್ಲವಲ್ಲ ಎಂದು ಅವರಿಗೆ ಒಳಗೊಳಗೇ ಹಿತವಾಗುತ್ತಿತ್ತು.

"ಟಾರ್ಚ್ ಹಿಡಿದೋನು ಕತ್ತರಿಸಿದ ಅಂತೇನಿಲ್ಲ," ಎಂದರು ದೊಡ್ಡಮ್ಮ.

"ಇಲ್ಲ. ಹಾಗಂತ ನಾನೂ ಹೇಳಲ್ಲ."

"ಏನಾದ್ರೂ ಮಾತಾಡಿದ್ನಾ?"

ಮೀಸೆ ಬಾಗಿಲ ಕಡೆ ನೋಡಿದ. "ಈ ತಂತಿ ಇಲ್ದಿದ್ರೆ ಏನಾಗುತ್ತೆ ಅಂತ ಕೇಳ್ದ. ಹಾಡೋಕೆ ಬಂದೋರಿಗೆ ತುಟಿ ಚುರುಗುಟ್ಟುತ್ತೆ ಅಂದೆ. ಹೆದರಿಸೋದು ಬೇಡ ಅಂತ ಅಷ್ಟೇ ಹೇಳಿದೆ ದೊಡ್ಡಮ್ಮ. ಪ್ರಾಣ ಹೋಗುತ್ತೆ ಅಂತ ಹೇಳ್ಬೇಕಿತ್ತು."

"ಅದಕ್ಕೆ ಅವನೇನಂದ?"

"ಅದಕ್ಕೆ..." ಮೀಸೆ ಲೋಟವನ್ನು ನೆಲಕ್ಕಿಟ್ಟ. "'ಮೈಕಿಗೆ ಬರದೇ ಇದ್ರೆ ಅವಳಿಗೇನೂ ಆಗಲ್ಲ, ಅಲ್ವಾ' ಅಂದ."

ನಿನ್ನೆ ಮಿಂಚುವನ್ನು ತೋಳುಗಳಲ್ಲಿ ಎತ್ತಿಕೊಂಡು ಮೆಟ್ಟಿಲಿಳಿದವನು ಸಿಡಿಲು. ರಾತ್ರಿಯಿಡೀ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು, ಅವಳ ಅಪ್ಪನ ಹೆಗಲಿಗೆ ತನ್ನ ಕೋಟು ಹೊದಿಸಿದವನು ಸಿಡಿಲು.

"ಮೀಸೆ, ಮ್ಯಾನೇಜರಿಗೆ ನಿನ್ನ ಮೇಲೆ ಅನುಮಾನ ಅಂತ ಆಗಲೇ ಹೇಳಿದೆ. ತಂತಿ ಕೂಡಿಸೋಕೆ ಬಂದಿದ್ದೆ, ಅವನೂ ಜೊತೆಗಿದ್ದ ಅಂತ ನೀನ್ಯಾಕೆ ಹೇಳ್ಲಿಲ್ಲ?"

"ಅವನೇ ಹೇಳ್ತಾನೆ ಅಂತ ಕಾಯ್ತಾ ಇದ್ದೆ."

ದೊಡ್ಡಮ್ಮನ ಕೈಚೀಲದೊಳಗೆ ಫೋನು ಗುರುಗುಟ್ಟಿತು. ಮ್ಯಾನೇಜರು. ಹಿಂದೆ ಸ್ಟೇಡಿಯಮ್ಮಿನ ಗದ್ದಲ, ಯಾರೋ ಮೈಕಿನಲ್ಲಿ 'ಹಲೋ, ಹಲೋ' ಎಂದು ಪರೀಕ್ಷಿಸುತ್ತಿದ್ದರು.

"ಮೇಡಂ, ಜೀಪು ಕಳಿಸ್ಲಾ? ಆಸ್ಪತ್ರೆಯಿಂದ ಸುದ್ದಿ ಬಂತು, ಹುಡುಗಿಯ ಕಿರುಬೆರಳು ಸ್ವಲ್ಪ ಅಲ್ಲಾಡಿತಂತೆ. ಆದ್ರೆ ನಾಳೆಗೆ ಆಗಲ್ಲ ಅಂತಾರೆ. ಹೇಳಿ, ಮೀಸೆ ತಾನೇ?"

"ಮೀಸೆ ಅಲ್ಲ," ಎಂದರು ದೊಡ್ಡಮ್ಮ.

"ಅಲ್ವಾ? ಮತ್ಯಾರು?"

ಬಾಗಿಲು ತೆರೆಯಿತು. ಸಿಡಿಲು. ಎರಡು ದಿನದ ಗಡ್ಡ, ಕೆಂಪಾದ ಕಣ್ಣು, ಕೈಯಲ್ಲಿ ಊಟದ ಎರಡು ಡಬ್ಬಿ. ಬೆಳಿಗ್ಗೆಯಿಂದ ಏನೂ ತಿನ್ನದ ದೊಡ್ಡಮ್ಮನಿಗೊಂದು, ತನಗೊಂದು. ಒಳಗೆ ಮೂರನೆಯವರು ಇರುತ್ತಾರೆಂದು ಅವನು ಎಣಿಸಿರಲಿಲ್ಲ.

ಅವನು ಮೀಸೆಯನ್ನು ನೋಡಿದ. ಬಿಚ್ಚಿದ ಪೆಟ್ಟಿಗೆಯನ್ನು ನೋಡಿದ. ದೊಡ್ಡಮ್ಮನ ಕಿವಿಗೆ ಒತ್ತಿದ್ದ ಫೋನನ್ನು ನೋಡಿದ.

"ಮೇಡಂ, ಕೇಳಿಸ್ತಾ ಇದೆಯಾ? ಮತ್ಯಾರು ಅಂದೆ."

ಸಿಡಿಲು ಒಂದು ಡಬ್ಬಿಯನ್ನು ದೊಡ್ಡಮ್ಮನ ಪಕ್ಕದ ಸ್ಟೂಲಿನ ಮೇಲಿಟ್ಟ. ಆಮೇಲೆ ಕೋಣೆ ದಾಟಿ ಹೋಗಿ, ತನ್ನ ಡಬ್ಬಿಯನ್ನು, ಮೇಲೆ ಚಮಚ ಇಟ್ಟು, ಕಣ್ಣು ತಗ್ಗಿಸಿ ಮೀಸೆಯ ಕೈಗೆ ಕೊಟ್ಟ.